ಹೊಸ ಕೈಗೆ ಮೊದಲ ಕಾರು: ಖರೀದಿಯ ಲೆಕ್ಕ, ವಿಮೆಯ ಲೆಕ್ಕ

ಲೈಸನ್ಸ್ ಸಿಕ್ಕ ಮೊದಲ ವರ್ಷ ಕಾರು ಎಲ್ಲಾದರೂ ಉಜ್ಜಿಯೇ ಉಜ್ಜುತ್ತದೆ. ಗೇಟಿಗೆ ಎಡಗಡೆ ಬಾಗಿಲು ತಾಗುತ್ತದೆ, ಹಿಂದೆ ತೆಗೆಯುವಾಗ ಬಂಪರ್ ಕಂಬಕ್ಕೆ ಮುಟ್ಟುತ್ತದೆ, ಅರ್ಧ ಕ್ಲಚ್‌ನಲ್ಲೇ ಓಡಿಸಿ ಪ್ಲೇಟು ಬೇಗ ಸವೆಯುತ್ತದೆ. ಕಲಿಯುವಾಗ ಇದೆಲ್ಲ ಇದ್ದದ್ದೇ. ಅದಕ್ಕೇ ಮೊದಲ ಕಾರು ಆರಿಸುವಾಗ ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಯಾವ ಗಾಡಿಯ ಬಂಪರ್, ಲೈಟು, ಕ್ಲಚ್ ಅಗ್ಗಕ್ಕೆ ಸಿಗುತ್ತವೆ, ಯಾವ ಪೆಟ್ಟನ್ನು ವಿಮೆಗೆ ಹಾಕಬೇಕು, ಯಾವುದಕ್ಕೆ ಕೈಯಿಂದ ಕೊಡಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ದುಡ್ಡನ್ನು ಹೇಗೆ ಹಂಚಬೇಕು

ಕೈಯಲ್ಲಿ 3 ಲಕ್ಷ ಇದ್ದರೆ ಎರಡೂವರೆ ಲಕ್ಷದ ಹಳೆಯ ಕಾರು ನೋಡಿ. ಉಳಿದ 50 ಸಾವಿರ ಮೊದಲ ಎರಡು ತಿಂಗಳಲ್ಲೇ ಬೇಕಾಗುತ್ತದೆ. ಸಣ್ಣ ಕಾರಿನ ನಾಲ್ಕು ಟೈರಿಗೆ ಸುಮಾರು 15 ಸಾವಿರ, ಬ್ಯಾಟರಿಗೆ ನಾಲ್ಕೈದು ಸಾವಿರ, ಆಯಿಲ್, ಫಿಲ್ಟರ್, ಕೂಲಂಟ್, ಬ್ರೇಕ್ ಪ್ಯಾಡ್ ಸೇರಿದ ಪೂರ್ತಿ ಸರ್ವಿಸಿಗೆ ಏಳೆಂಟು ಸಾವಿರ, ವಿಮೆಗೆ ಹತ್ತು ಸಾವಿರ, ಮೇಲೆ ಆರ್‌ಸಿ ವರ್ಗಾವಣೆಯ ಖರ್ಚು. ಕ್ಲಚ್ ಹೋಗಿದ್ದರೆ ಅದೊಂದಕ್ಕೇ ಇನ್ನೂ ಏಳೆಂಟು ಸಾವಿರ ಹಿಡಿಯಿರಿ.

ಹೊಸ ಕಾರು ಕೊಳ್ಳುವವರು ಎಕ್ಸ್-ಶೋರೂಂ ಬೆಲೆ ನೋಡಿ ಮನಸ್ಸು ಮಾಡಬಾರದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ, ಬೆಲೆಯೂ ತಗ್ಗಿದೆ. ಆದರೆ ಕರ್ನಾಟಕದ ಲೈಫ್ ಟ್ಯಾಕ್ಸ್ ಭಾರವಾದದ್ದು. ಬೆಲೆ 5 ಲಕ್ಷದೊಳಗಿದ್ದರೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, ಆ ತೆರಿಗೆಯ ಮೇಲೆ ಮತ್ತೆ ಸೆಸ್. ವಿಮೆ, ನೋಂದಣಿ ಸೇರಿಸಿದರೆ ಐದೂವರೆ ಲಕ್ಷದ ಕಾರು ರಸ್ತೆಗೆ ಇಳಿಯುವಾಗ ಆರೂವರೆ ಲಕ್ಷದ ಹತ್ತಿರ ಹೋಗುತ್ತದೆ. ಸಾಲದ ಕಂತು ಗೋಡೆಗೆ ಉಜ್ಜಿದ ತಿಂಗಳು ನಿಲ್ಲುವುದಿಲ್ಲ. ಈ ಕಾರಣಕ್ಕೆ ಮೊದಲ ಕಾರು ನಾಲ್ಕರಿಂದ ಆರು ವರ್ಷ ಹಳೆಯದಾಗಿರುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಮೊದಲ ಮಾಲೀಕರ ಕೈಯಲ್ಲೇ ಬೆಲೆ ಅರ್ಧದಷ್ಟು ಇಳಿದಿರುತ್ತದೆ, ಎಂಜಿನ್ನಿಗೆ ಇನ್ನೂ ಆಯುಷ್ಯ ಇರುತ್ತದೆ.

ಹಳೆಯದಾದರೂ ಒಂದು ಗೆರೆ ದಾಟಬೇಡಿ. ಎಬಿಎಸ್ ಬ್ರೇಕು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ಚಾಲಕರ ಏರ್‌ಬ್ಯಾಗ್, ಹಿಂದಿನ ಪಾರ್ಕಿಂಗ್ ಸೆನ್ಸರ್ ಬಂದದ್ದು ಅದೇ ವರ್ಷದ ಜುಲೈಯಲ್ಲಿ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2022ರ ಆರಂಭದಿಂದ. ಹೊಸ ಕೈ ಗಾಬರಿಯಾದಾಗ ಬ್ರೇಕನ್ನು ಪೂರ್ತಿ ತುಳಿಯುತ್ತದೆ. ಎಬಿಎಸ್ ಇಲ್ಲದಿದ್ದರೆ ಚಕ್ರ ಕಚ್ಚಿಕೊಂಡು ಗಾಡಿ ನೇರ ಜಾರುತ್ತದೆ, ಸ್ಟೇರಿಂಗ್ ತಿರುಗಿಸಿದರೂ ತಿರುಗುವುದಿಲ್ಲ. ಹಾಗಾಗಿ 2019ರ ಜುಲೈ ನಂತರ ತಯಾರಾದ ಗಾಡಿಯನ್ನೇ ಹುಡುಕಿ. ತಯಾರಾದ ತಿಂಗಳು ಆರ್‌ಸಿಯಲ್ಲೇ ಇರುತ್ತದೆ.

ಯಾವ ಗಾಡಿ

ಆಲ್ಟೊ ಕೆ10, ವ್ಯಾಗನ್ಆರ್, ಸೆಲೆರಿಯೊ, ಸ್ವಿಫ್ಟ್, ಟಿಯಾಗೊ, ಐ10 ನಿಯೋಸ್, ಕ್ವಿಡ್. ಮೊದಲ ಕಾರಿಗೆ ನೋಡುವಂಥವು ಹೆಚ್ಚುಕಡಿಮೆ ಇವೇ. ಇವುಗಳಲ್ಲಿ ಮಾರುತಿಯವನ್ನು ಮುಂದಿಡಲು ಕಾರಣ ಬಿಡಿಭಾಗ. ಇಂಡಿ, ಮುದ್ದೇಬಿಹಾಳ, ಜಮಖಂಡಿಯಂಥ ಊರಲ್ಲೂ ಅವುಗಳ ಲಿಂಕ್ ರಾಡ್, ಬ್ರೇಕ್ ಪ್ಯಾಡ್, ಹೆಡ್‌ಲೈಟ್ ಸುಲಭಕ್ಕೆ ಸಿಗುತ್ತವೆ, ಅವನ್ನು ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿಯೂ ಇರುತ್ತಾನೆ. ಬೇರೆ ಕಂಪನಿಯ ಗಾಡಿ ಇಷ್ಟವಾದರೆ ಕೊಳ್ಳುವ ಮೊದಲು ನಿಮ್ಮ ಊರಿನ ಸ್ಪೇರ್ ಅಂಗಡಿಗೆ ಹೋಗಿ ಮುಂದಿನ ಬಂಪರ್, ಎಡಗಡೆ ಹೆಡ್‌ಲೈಟ್, ಎಡಗನ್ನಡಿ ಮತ್ತು ಕ್ಲಚ್ ಸೆಟ್, ಈ ನಾಲ್ಕರ ಬೆಲೆಯನ್ನೂ ಬರಲು ಎಷ್ಟು ದಿನ ಬೇಕು ಎಂಬುದನ್ನೂ ಕೇಳಿ. ಹೊಸಬರ ಕೈಯಲ್ಲಿ ಮೊದಲು ಹೋಗುವುದು ಇವೇ.

ಎಂಜಿನ್ನಿನ ಅಳತೆ ವಿಮೆಗೂ ಮುಟ್ಟುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಇರುವ ವಿಮೆ) ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416 ರೂಪಾಯಿ, ಎರಡಕ್ಕೂ ಮೇಲೆ ಶೇ. 18 ಜಿಎಸ್‌ಟಿ. 998 ಸಿಸಿಯ ವ್ಯಾಗನ್ಆರ್ ಮೊದಲ ಸಾಲಿಗೆ ಬರುತ್ತದೆ, 1197 ಸಿಸಿಯ ವ್ಯಾಗನ್ಆರ್ ಎರಡನೆಯದಕ್ಕೆ. ನೋಡಲು ಎರಡೂ ಒಂದೇ. ನಾಲ್ಕು ಜನ ಕೂತು ಎಸಿ ಹಾಕಿ ಸೊಲ್ಲಾಪುರ ರಸ್ತೆಯಲ್ಲಿ ಲಾರಿ ಹಿಂದಿಕ್ಕುವುದೇ ಹೆಚ್ಚಾದರೆ ದೊಡ್ಡ ಎಂಜಿನ್ ಸುರಕ್ಷಿತ. ಊರೊಳಗಿನ ಓಡಾಟಕ್ಕೆ ಚಿಕ್ಕದು ಸಾಕು.

ಡೀಸೆಲ್ ಬೇಡ. ವರ್ಷಕ್ಕೆ 20 ಸಾವಿರ ಕಿಲೋಮೀಟರ್ ಓಡದವರಿಗೆ ಅದರಲ್ಲಿ ಉಳಿತಾಯ ಇಲ್ಲ, ಇಂಜೆಕ್ಟರ್, ಟರ್ಬೊ ಕೆಟ್ಟರೆ ಎಣಿಸಿದ್ದಕ್ಕಿಂತ ದೊಡ್ಡ ಮೊತ್ತ ಹೋಗುತ್ತದೆ. ಸಿಎನ್‌ಜಿ ಗಾಡಿಯಾದರೆ ಕಿಟ್ ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿದೆಯೇ ನೋಡಿ. ಹೊರಗೆ ಕೂರಿಸಿದ ಕಿಟ್ ದಾಖಲಾಗದಿದ್ದರೆ ಬೆಂಕಿ ಹತ್ತಿದ ದಿನ ಕ್ಲೇಮ್ ನಿಲ್ಲುತ್ತದೆ. ಸಿಲಿಂಡರಿನ ಹೈಡ್ರೊ ಟೆಸ್ಟ್ ಮೂರು ವರ್ಷಕ್ಕೊಮ್ಮೆ ಆಗಿರಬೇಕು.

ಎಂಎಚ್ ಪಾಸಿಂಗ್, ಗೋವಾ ಪಾಸಿಂಗ್

ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಮಹಾರಾಷ್ಟ್ರದಲ್ಲಿ ನೋಂದಣಿಯಾದ ಎಂಎಚ್-13, ಎಂಎಚ್-10, ಎಂಎಚ್-09 ಗಾಡಿಗಳು ಬಹಳ. ಕೆಎ-28, ಕೆಎ-29, ಕೆಎ-22ರ ಅದೇ ಮಾಡೆಲ್‌ಗಿಂತ ಅಗ್ಗವಾಗಿ ಕಾಣುತ್ತವೆ. ಆ ಅಗ್ಗದಲ್ಲಿ ಕರ್ನಾಟಕದ ಲೈಫ್ ಟ್ಯಾಕ್ಸ್ ಸೇರಿಲ್ಲ. ಇಲ್ಲಿ ಇಟ್ಟುಕೊಳ್ಳಬೇಕಾದರೆ ಮೂಲ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕು, 12 ತಿಂಗಳೊಳಗೆ ಕೆಎ ನಂಬರ್ ಪಡೆಯಬೇಕು. ‘ಗಡಿ ಭಾಗ, ಯಾರೂ ಕೇಳೂದಿಲ್ಲ’ ಎಂದು ಏಜೆಂಟ ಹೇಳಿದರೆ ನಂಬಬೇಡಿ. ನಾಳೆ ನೀವೇ ಮಾರಲು ಹೊರಟಾಗ ಗಿರಾಕಿ ಮೊದಲು ಕೇಳುವುದು ಇದನ್ನೇ. ಆ ಟ್ಯಾಕ್ಸ್ ಎಷ್ಟೆಂದು ಆರ್‌ಟಿಓದಲ್ಲಿ ವಿಚಾರಿಸಿ, ಬೆಲೆಗೆ ಕೂಡಿಸಿ, ಆಮೇಲೆ ಹೋಲಿಸಿ.

ಎರಡನೆಯದು ನೀರು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಸಾಂಗಲಿ, ಕೊಲ್ಹಾಪುರ ಆ ವರ್ಷವೂ 2021ರ ಜುಲೈಯಲ್ಲೂ ಮುಳುಗಿದವು. ನೀರಲ್ಲಿ ನಿಂತ ಗಾಡಿಯನ್ನು ತೊಳೆದು, ಸೀಟ್ ಕವರ್ ಬದಲಿಸಿ ಮಾರುವುದು ಕಷ್ಟವಲ್ಲ. ಹಿಡಿಯುವುದು ಹೀಗೆ. ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆಯೋ ಬಣ್ಣ ಬದಲಾದ ಪಟ್ಟಿಯೋ ಇದ್ದರೆ ಅಲ್ಲಿಗೇ ಬಿಟ್ಟು ಬನ್ನಿ. ಬೆಲ್ಟ್ ತೊಳೆಯುವವರು ಅಷ್ಟು ಒಳಗಿನದನ್ನು ತೊಳೆಯುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಗುಂಡಿಯ ಮೂಲೆಗಳಲ್ಲಿ ನುಣ್ಣನೆಯ ಒಣ ಕೆಸರು ಇದೆಯೇ ಬೆರಳಾಡಿಸಿ. ಸೀಟ್ ಸರಿಯುವ ಪಟ್ಟಿಯ ತುಕ್ಕು, ಫ್ಯೂಸ್ ಬಾಕ್ಸಿನ ಪಿನ್ನುಗಳ ಮೇಲಿನ ಹಸಿರು ಕಿಲುಬು, ಎಸಿ ಹಾಕಿದಾಗ ಬರುವ ಮುಗ್ಗಲು ವಾಸನೆ, ಇವೂ ಸಾಕ್ಷಿಗಳೇ. ಗೋವಾ ಗಾಡಿಗೆ ಕೆಳಗೆ ಟಾರ್ಚ್ ಹಾಕಿ. ಕಡಲ ಗಾಳಿಯ ಉಪ್ಪಿಗೆ ಬಾಗಿಲ ತಳ, ಸೈಲೆನ್ಸರ್, ಸಸ್ಪೆನ್ಶನ್ ಬುಡ ತುಕ್ಕು ತಿಂದಿರುತ್ತವೆ. ಹೊಸ ಕಪ್ಪು ಬಣ್ಣ ಬಳಿದಿದ್ದರೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಕುಟ್ಟಿ ನೋಡಿ.

ನೋಡಲು ಹೋದಾಗ

ಬೆಳಿಗ್ಗೆ ಹೋಗಿ, ನೀವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಮೊದಲೇ ಹೇಳಿ. ಬಾನೆಟ್ ಮುಟ್ಟಿದಾಗ ಬಿಸಿ ಇದ್ದರೆ ತಣ್ಣನೆಯ ಎಂಜಿನ್ ತೋರಿಸಲು ಅವರಿಗೆ ಮನಸ್ಸಿಲ್ಲ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಅಂಟು ಇದ್ದರೆ ಕೂಲಂಟ್ ಆಯಿಲ್‌ಗೆ ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಮಾತು ಮುಂದುವರಿಸಬೇಡಿ. ಸ್ಟಾರ್ಟ್ ಆದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ನಾಲ್ಕನೆಯ ಗೇರಿನಲ್ಲಿ 40ರ ವೇಗದಿಂದ ಎಕ್ಸಿಲರೇಟರ್ ಜೋರಾಗಿ ಒತ್ತಿದಾಗ ಎಂಜಿನ್ ಕೂಗಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ನಮ್ಮದು ಬಯಲು ನೆಲ, ಸಮತಟ್ಟಿನಲ್ಲಿ ಕ್ಲಚ್ಚಿನ ದೋಷ ಮುಚ್ಚಿಕೊಳ್ಳುತ್ತದೆ. ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಒಮ್ಮೆ ನಿಲ್ಲಿಸಿ ಎತ್ತಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಸಾವಕಾಶ ಸುತ್ತುವಾಗ ಟಕ್ ಟಕ್ ಬಂದರೆ ಡ್ರೈವ್ ಶಾಫ್ಟಿನ ಜಾಯಿಂಟ್, ಹಂಪ್ ಇಳಿಯುವಾಗ ದಡ್ ಎಂದರೆ ಬುಷ್ ಅಥವಾ ಲಿಂಕ್ ರಾಡ್. ಕೊನೆಯವು ಎರಡು ಮೂರು ಸಾವಿರದ ಕೆಲಸ, ಬೆಲೆ ಇಳಿಸಲು ಬಳಸಿ.

ಎಸಿಯನ್ನು ಮಾತ್ರ ಮಧ್ಯಾಹ್ನವೇ ನೋಡಬೇಕು. ಏಪ್ರಿಲ್-ಮೇ ಬಿಸಿಲಲ್ಲಿ ಗಾಡಿ ನಿಂತಿರುವಾಗ ತಂಪು ಬಾರದೆ ಓಡುವಾಗ ಮಾತ್ರ ಬಂದರೆ ಕಂಡೆನ್ಸರ್ ಫ್ಯಾನ್ ಅಥವಾ ಗ್ಯಾಸ್. ಎರಡೂ ಸ್ಥಿತಿಯಲ್ಲಿ ಇಲ್ಲದಿದ್ದರೆ ಕಂಪ್ರೆಸರ್ ಇರಬಹುದು, ಅದರ ಖರ್ಚು ದೊಡ್ಡದು. ಎರೆ ಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಹೇಗಿದೆ ನೋಡಿ. ಅದು ಕಪ್ಪಗೆ ಕಟ್ಟಿಕೊಂಡಿದ್ದರೆ ಉಳಿದ ಸರ್ವಿಸ್ ಹೇಗೆ ನಡೆದಿರಬಹುದೆಂದು ಊಹಿಸಬಹುದು.

ಅಪಘಾತವಾದ ಗಾಡಿಯನ್ನು ಬೋಲ್ಟ್ ಹೇಳಿಕೊಡುತ್ತದೆ. ಬಾನೆಟ್ಟಿನ ಕೀಲು, ಮಡ್‌ಗಾರ್ಡ್, ಬಾಗಿಲುಗಳ ಬೋಲ್ಟ್ ತಲೆಯ ಮೇಲಿನ ಬಣ್ಣ ಕಿತ್ತಿದ್ದರೆ ಅವನ್ನು ಪಾನಾ ಹಾಕಿ ಬಿಚ್ಚಿದ್ದಾರೆ. ಬಂಪರ್ ಬದಲಾಗಿದ್ದರೆ ಚಿಂತೆಯಿಲ್ಲ. ಬಾಗಿಲ ರಬ್ಬರ್ ಸರಿಸಿದಾಗ ಕಂಬದ ಮೇಲಿನ ಸಾಲಾದ ಗುಂಡು ವೆಲ್ಡ್ ಗುರುತುಗಳು ಮಾಯವಾಗಿ ಪುಟ್ಟಿ ಕಂಡರೆ ಮಾತ್ರ ಬೆಲೆ ಎಷ್ಟೇ ಇಳಿದರೂ ಬೇಡ. ಟೈರಿನ ಪಕ್ಕದ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ನೆಲ ಕಚ್ಚುವ ಗೆರೆಗಳು ಆಳವಾಗಿದ್ದರೂ ಆರೇಳು ವರ್ಷದ ಟೈರ್ ನಮ್ಮ ಬಿಸಿಲಲ್ಲಿ ನಂಬಬಾರದು. ಹಳದಿಗಟ್ಟಿದ ಹೆಡ್‌ಲೈಟನ್ನು ಕೊಂಡ ವಾರವೇ ಪಾಲಿಶ್ ಮಾಡಿಸಿ. ಕಬ್ಬು ಕಡಿಯುವ ದಿನಗಳಲ್ಲಿ ಮುಧೋಳ, ಜಮಖಂಡಿ, ಗೋಕಾಕ ರಸ್ತೆಯಲ್ಲಿ ಹಿಂದೆ ಲೈಟಿಲ್ಲದ ಜೋಡಿ ಟ್ರೇಲರ್ ಹತ್ತಿರ ಬಂದ ಮೇಲೇ ಕಾಣುತ್ತದೆ.

ಕಾಗದ

ಮುಂಗಡ ಕೊಡುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಮಾಲೀಕರ ಸಂಖ್ಯೆ, ಸಾಲ, ವಿಮೆ ಮುಗಿಯುವ ದಿನ ನೋಡಿ. ಬಾಕಿ ಚಲನ್‌ಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ. ಚಾಸಿ ನಂಬರನ್ನು ಗಾಡಿಯ ಮೇಲಿನದಕ್ಕೆ ಅಕ್ಷರ ಅಕ್ಷರ ತಾಳೆ ಹಾಕಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಬೇಕು, ‘ಲೋನ್ ಕ್ಲಿಯರ್ ಆಗೇದ’ ಎಂಬ ಮಾತು ಸಾಲದು. ಹಳದಿ ಬೋರ್ಡಿನಿಂದ ಬಿಳಿಗೆ ಬದಲಾದ ಗಾಡಿಯೇ ಎಂದೂ ವಿಚಾರಿಸಿ. ಟ್ಯಾಕ್ಸಿಯಾಗಿ ಓಡಿದ್ದರ ಕಿಲೋಮೀಟರ್ ಮೀಟರಿನಲ್ಲಿ ಕಾಣದಿರಬಹುದು. ವರ್ಗಾವಣೆಗೆ ಫಾರ್ಮ್ 29 ಮತ್ತು 30. ಹಣದ ಕೊನೆಯ ಕಂತನ್ನು ಇವುಗಳ ಮೇಲೆ ಸಹಿ ಬಿದ್ದ ಮೇಲೇ ಕೊಡಿ.

ವಿಮೆ: ಹೊಸಬರಿಗೆ ಮೊದಲು ತಿಳಿಯಬೇಕಾದದ್ದು

ನಮ್ಮ ದೇಶದಲ್ಲಿ ಕಾರಿನ ಪ್ರೀಮಿಯಂ ಮುಖ್ಯವಾಗಿ ಗಾಡಿಯ ಮೇಲೆ ನಿಂತಿದೆ: ಎಂಜಿನ್ ಅಳತೆ, ವಯಸ್ಸು, ಮೌಲ್ಯ, ನೋಂದಣಿಯಾದ ಊರು. ನಿನ್ನೆ ಲೈಸನ್ಸ್ ಪಡೆದವರೂ ಇಪ್ಪತ್ತು ವರ್ಷ ಓಡಿಸಿದವರೂ, ಕ್ಲೇಮ್ ಹಾಕದವರಿಗೆ ಸಿಗುವ ಬೋನಸ್ ಬಿಟ್ಟರೆ, ಹೆಚ್ಚುಕಡಿಮೆ ಅಷ್ಟೇ ಕಟ್ಟುತ್ತಾರೆ. ಅಂದರೆ ಥರ್ಡ್ ಪಾರ್ಟಿ ಜೊತೆ ಸ್ವಂತ ಗಾಡಿಯ ಹಾನಿಯೂ ಸೇರಿದ ಪೂರ್ತಿ ವಿಮೆಯ ಲಾಭ ಹೊಸಬರಿಗೇ ಹೆಚ್ಚು. ಮೊದಲ ಎರಡು ವರ್ಷ ಥರ್ಡ್ ಪಾರ್ಟಿ ಒಂದೇ ಮಾಡಿಸಿ ಉಳಿಸಲು ಹೋಗಬೇಡಿ.

ಥರ್ಡ್ ಪಾರ್ಟಿ ಕಡ್ಡಾಯ. ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಚಿಕ್ಕದು. ಬೈಕ್ ಸವಾರನೊಬ್ಬ ತೀರಿಕೊಂಡರೆ ನ್ಯಾಯಮಂಡಳಿ ವಿಧಿಸುವ ಪರಿಹಾರ ಮಾಲೀಕರ ಮನೆ, ಹೊಲದ ಮೇಲೆ ಬರುತ್ತದೆ. ಇನ್ನೊಂದು ಮಾತು ಬಹಳ ಜನಕ್ಕೆ ತಿಳಿದಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಖಾಸಗಿ ಕಾರಿನೊಳಗೆ ಕೂತವರಿಗೆ ರಕ್ಷಣೆ ಇಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಪಂಢರಪುರಕ್ಕೆ ಹೊರಡುವವರಿಗೆ ಇದೊಂದೇ ಸಾಕು ಪೂರ್ತಿ ವಿಮೆ ಮಾಡಿಸಲು. ಜೊತೆಗೆ ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸೇರಿದೆಯೇ ನೋಡಿ. ಬೇರೆಯವರ ಆಸ್ತಿಗಾದ ಹಾನಿಯ ಮಿತಿಯನ್ನು ಏಳೂವರೆ ಲಕ್ಷದಿಂದ 6,000ಕ್ಕೆ ಇಳಿಸಿ 100 ರೂಪಾಯಿ ಉಳಿಸುವ ಕಲಮನ್ನು ತೆಗೆಸಿ. ಒಂದು ಅಂಗಡಿಯ ಶಟರ್ ಮುರಿದರೆ ಆ 6,000 ಸಾಲುವುದಿಲ್ಲ.

ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಬೇಕು: 1000 ಸಿಸಿವರೆಗೆ 6,521, ಅದರ ಮೇಲೆ 1500ರವರೆಗೆ 10,640 ರೂಪಾಯಿ. ಸ್ವಂತ ಹಾನಿಯ ಭಾಗ ಮಾತ್ರ ಸಾಮಾನ್ಯವಾಗಿ ಒಂದೇ ವರ್ಷದ್ದು. ಎರಡು ವರ್ಷದ ಗಾಡಿ ಕೊಳ್ಳುವಾಗ ‘ವಿಮೆ ಇನ್ನೂ ಒಂದು ವರ್ಷ ಇದೆ’ ಎಂದರೆ ಪಾಲಿಸಿ ಬಿಚ್ಚಿ ಎರಡೂ ದಿನಾಂಕ ಓದಿ. ಶೋರೂಂನವರು ತಮ್ಮಲ್ಲೇ ವಿಮೆ ಮಾಡಿಸಬೇಕೆಂದು ಒತ್ತಾಯಿಸುವಂತಿಲ್ಲ. ಹೊರಗಿನ ಎರಡು ಬೆಲೆ ತಂದು ತೋರಿಸಿ.

ಬೆಲೆ ಹೋಲಿಸುವಾಗ ಐಡಿವಿ ಒಂದೇ ಇರಲಿ. ಗಾಡಿ ಪೂರ್ತಿ ಹೋದರೆ ಅಥವಾ ಕಳುವಾದರೆ ಕೈಗೆ ಬರುವ ಗರಿಷ್ಠ ಮೊತ್ತ ಅದು. ಒಂದರಿಂದ ಎರಡು ವರ್ಷದ ಗಾಡಿಗೆ ಶೇ. 20 ಕಳೆಯುತ್ತಾರೆ, ನಾಲ್ಕರಿಂದ ಐದು ವರ್ಷಕ್ಕೆ ಶೇ. 50, ಐದಾದ ಮೇಲೆ ಇಬ್ಬರೂ ಒಪ್ಪಿದ ಮೊತ್ತ. ಪ್ರೀಮಿಯಂ ಅಗ್ಗವಾಗಿ ಕಾಣಲೆಂದು ಐಡಿವಿ ಇಳಿಸಿ ಕೊಡುವ ರೂಢಿ ಬಹಳ ಇದೆ.

ಹೆಚ್ಚುವರಿಗಳಲ್ಲಿ ಝೀರೊ ಡಿಪ್ರಿಸಿಯೇಶನ್ ಹೊಸಬರಿಗೆ ಬೇಕೇ ಬೇಕು. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರಿಗೆ ಅರ್ಧ ಹಣ ಕಡಿತ, ತಗಡಿನ ಭಾಗಕ್ಕೆ ವಯಸ್ಸಿನ ಪ್ರಕಾರ. ಹೊಸಬರು ಒಡೆಯುವುದು ಹೆಚ್ಚಾಗಿ ಪ್ಲಾಸ್ಟಿಕ್ಕನ್ನೇ. ಐದು ವರ್ಷ ದಾಟಿದ ಗಾಡಿಗೆ ಇದು ಸಿಗುವುದು ಕಷ್ಟ. ಎಂಜಿನ್ನಿನ ಒಳಗಿನ ಹಾನಿಗೆ ಇರುವ ಎಂಜಿನ್ ಪ್ರೊಟೆಕ್ಟ್ ಎರಡನೆಯದು. ಅದಿಲ್ಲದ ಸಾದಾ ಪಾಲಿಸಿಯಲ್ಲಿ ಆಗುವುದು ಹೀಗೆ. ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಗಾಲಿಯ ನಡುವಿನ ದಿಬ್ಬಕ್ಕೆ ಎಂಜಿನ್ನಿನ ಕೆಳಗಿನ ಆಯಿಲ್ ಸಂಪ್ ತಾಗಿ ಆಯಿಲ್ ಸೋರಿದರೆ ಸಂಪಿನ ಹಣ ಬರುತ್ತದೆ. ಆಯಿಲ್ ಲೈಟ್ ಹತ್ತಿದ ಮೇಲೂ ಓಡಿಸಿ ಎಂಜಿನ್ ಹಿಡಿದರೆ ಅದರ ಹಣ ಬರುವುದಿಲ್ಲ. ನೀರು ನುಗ್ಗಿದ ಗಾಡಿಗೆ ಮತ್ತೆ ಮತ್ತೆ ಸೆಲ್ಫ್ ಹೊಡೆದರೂ ಇದೇ ಗತಿ. ಎರಡೂ ಸಂದರ್ಭದಲ್ಲಿ ಕೀ ತೆಗೆದು ನೂಕಿಸಿ, ಟೋ ಮಾಡಿಸಿ.

ಕ್ಲೇಮ್ ಯಾವಾಗ, ಯಾವಾಗ ಬೇಡ

ಕ್ಲೇಮ್ ಇಲ್ಲದೆ ಕಳೆದ ವರ್ಷಗಳಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಕ್ರಮವಾಗಿ ಶೇ. 20, 25, 35, 45, 50 ರಿಯಾಯಿತಿ, ಇದೇ ನೋ ಕ್ಲೇಮ್ ಬೋನಸ್. ಒಂದು ಕ್ಲೇಮ್ ಹಾಕಿದರೆ ಮತ್ತೆ ಸೊನ್ನೆಯಿಂದ ಶುರು.

ಐದು ವರ್ಷದೊಳಗಿನ ಗಾಡಿ, ಝೀರೊ ಡಿಪ್ ಇಲ್ಲ, ಸ್ವಂತ ಹಾನಿಯ ಪ್ರೀಮಿಯಂ 6,000 ಎಂದುಕೊಳ್ಳಿ. ಬಂಪರ್ ಒಡೆಯಿತು: ಬಂಪರ್ 3,000, ಪೇಂಟಿಂಗ್ 3,000, ಕೂಲಿ 500, ಒಟ್ಟು 6,500. ಪ್ಲಾಸ್ಟಿಕ್ಕಿಗೆ ಅರ್ಧ ಕಳೆದು 1,500. ಪೇಂಟಿಂಗ್ ಬಿಲ್ಲಿನ ಕಾಲುಭಾಗವನ್ನು ಬಣ್ಣದ ಸಾಮಾನೆಂದು ಹಿಡಿದು ಅದರರ್ಧ ಕಳೆಯುತ್ತಾರೆ, ಉಳಿದದ್ದು 2,625. ಕೂಲಿ ಪೂರ್ತಿ 500. ಒಟ್ಟು 4,625ರಲ್ಲಿ ಕಡ್ಡಾಯ ಕಡಿತ 1,000 ಹೋಗಿ ಕೈಗೆ 3,625. ಇನ್ನು ಕಳೆದುಕೊಂಡದ್ದು: ಬೋನಸ್ ಇಲ್ಲದ ಮೊದಲ ವರ್ಷದಲ್ಲೇ ಕ್ಲೇಮ್ ಹಾಕಿದರೆ ಮುಂದಿನ ಐದು ನವೀಕರಣದಲ್ಲಿ ಸಿಗದ ರಿಯಾಯಿತಿ ಕೂಡಿ ಒಂದು ವರ್ಷದ ಪ್ರೀಮಿಯಂನ ಶೇ. 50, ಅಂದರೆ 3,000. ಹೆಚ್ಚುಕಡಿಮೆ ಸರಿಸಮ. ಬರೀ ಗೀರು ಬಿದ್ದು 3,000ದ ಪೇಂಟಿಂಗ್ ಅಷ್ಟೇ ಆದರೆ ಕೈಗೆ ಬರುವುದು 1,625, ಕ್ಲೇಮ್ ನಷ್ಟ. ಶೇ. 50 ಬೋನಸ್ ಇರುವವರು ಅದೇ ಬಂಪರಿಗೆ ಕ್ಲೇಮ್ ಹಾಕಿದರೆ ಕಳೆದುಕೊಳ್ಳುವುದು ಶೇ. 125, 7,500 ರೂಪಾಯಿ. ಹೀಗಾಗಿ ಮೊದಲ ವರ್ಷದವರು 6,000 ಒಳಗಿನ ಕೆಲಸವನ್ನು ಕೈಯಿಂದಲೇ ಮಾಡಿಸಿ. ಬಾನೆಟ್, ಲೈಟು, ರೇಡಿಯೇಟರ್ ಕೂಡಿ 25 ಸಾವಿರ ದಾಟಿದರೆ ಯೋಚಿಸಬೇಡಿ, ಹಾಕಿ.

ಬೋನಸ್ ಗಾಡಿಯದಲ್ಲ, ಮಾಲೀಕರದು. ಹಳೆಯ ಕಾರಿನ ಪಾಲಿಸಿ ನಿಮ್ಮ ಹೆಸರಿಗೆ ಬಂದಾಗ ಹಿಂದಿನವರ ಬೋನಸ್ಸಿನ ವ್ಯತ್ಯಾಸ ನೀವು ಕಟ್ಟಬೇಕು. ಖರೀದಿಸಿದ 14 ದಿನದೊಳಗೆ ಪಾಲಿಸಿ ಬದಲಾವಣೆಗೆ ಅರ್ಜಿ ಕೊಡಿ. ಥರ್ಡ್ ಪಾರ್ಟಿ ಭಾಗ ತಾನಾಗಿ ನಿಮಗೆ ಬರುತ್ತದೆ, ಸ್ವಂತ ಹಾನಿಯ ಭಾಗ ಹೆಸರು ಬದಲಾಗದೆ ನಿಮಗೆ ಹಣ ಕೊಡುವುದಿಲ್ಲ.

ಕ್ಲೇಮ್ ತಿರಸ್ಕೃತವಾಗುವ ಕಾರಣಗಳು ನಮ್ಮ ಕಡೆ ಮೂರ್ನಾಲ್ಕೇ. ಬೈಕಿನ ಲೈಸನ್ಸ್ ಮಾತ್ರ ಇದ್ದವರು ಕಾರು ಓಡಿಸಿದ್ದು. ಎಲ್ಎಲ್ಆರ್ ಇದ್ದವರು ಎಲ್ ಬೋರ್ಡ್ ಇಲ್ಲದೆ, ಪಕ್ಕದಲ್ಲಿ ಲೈಸನ್ಸ್ ಇದ್ದವರನ್ನು ಕೂರಿಸಿಕೊಳ್ಳದೆ ಓಡಿಸಿದ್ದು. ಕುಡಿದು ಓಡಿಸಿದ್ದು. ಬಿಳಿ ಬೋರ್ಡಿನ ಗಾಡಿಯನ್ನು ಮದುವೆಗೆ, ಆಸ್ಪತ್ರೆಗೆ ಬಾಡಿಗೆ ಬಿಟ್ಟಿದ್ದು. ಕೊನೆಯದನ್ನು ಪರಿಚಯದ ಮೇಲೆ ಸಲೀಸಾಗಿ ಮಾಡುತ್ತಾರೆ, ಅಪಘಾತವಾದಾಗ ಬಾಡಿಗೆ ಕೊಟ್ಟವರ ಹೇಳಿಕೆಯಲ್ಲೇ ಅದು ಹೊರಬರುತ್ತದೆ.

ಅಪಘಾತವಾದರೆ ಗಾಡಿ ಸರಿಸುವ ಮೊದಲು ನಾಲ್ಕೂ ಬದಿಯ ಫೋಟೊ ತೆಗೆಯಿರಿ, ನಂಬರ್ ಪ್ಲೇಟ್ ಕಾಣುವಂತೆ. ಕಂಪನಿಗೆ ಅದೇ ದಿನ ಫೋನ್ ಮಾಡಿ ಕ್ಲೇಮ್ ನಂಬರ್ ಬರೆದುಕೊಳ್ಳಿ. ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಪೊಲೀಸ್ ಠಾಣೆ. ಸ್ಥಳದಲ್ಲೇ ಹಣ ಕೊಟ್ಟು ಚೀಟಿ ಬರೆಸಿಕೊಂಡರೆ ನಾಳೆ ಕೇಸ್ ಬರುವುದು ತಪ್ಪುವುದಿಲ್ಲ. ಸರ್ವೇಯರ್ ನೋಡುವ ಮೊದಲು ಒಂದು ನಟ್ಟನ್ನೂ ಬಿಚ್ಚಿಸಬೇಡಿ. ಹಳೆಯ ಗೀರುಗಳನ್ನೂ ಇದೇ ಬಿಲ್ಲಿಗೆ ಸೇರಿಸೋಣ ಎಂದು ಗ್ಯಾರೇಜಿನವರು ಹೇಳಿದರೆ ಒಪ್ಪಬೇಡಿ. ಪೆಟ್ಟಿನ ದಿಕ್ಕು ಹೊಂದದಿದ್ದರೆ ನಿಜವಾದ ಭಾಗಕ್ಕೂ ಅನುಮಾನ ಬರುತ್ತದೆ.

ನವೀಕರಣದ ದಿನವನ್ನು ಫೋನಿನಲ್ಲಿ ಹದಿನೈದು ದಿನ ಮೊದಲಿಗೇ ಹಾಕಿಡಿ. ಒಂದು ದಿನ ತಪ್ಪಿದರೂ ಆ ದಿನದ ಅಪಘಾತಕ್ಕೆ ರಕ್ಷಣೆ ಇಲ್ಲ, ಮತ್ತೆ ಮಾಡಿಸಲು ಗಾಡಿ ತೋರಿಸಬೇಕು. 90 ದಿನ ದಾಟಿದರೆ ಕೂಡಿಸಿದ ಬೋನಸ್ ಪೂರ್ತಿ ಹೋಗುತ್ತದೆ.